ಅನ್ನವ್ವ ಪುಸ್ತಕವನ್ನು ಉಲ್ಟಾ ಹಿಡಿದದ್ದು ನಿಜ

ವಯಸ್ಕರಿಗೆ ಅಕ್ಷರ ಕಲಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಇವತ್ತು ಬೆಳಿಗ್ಗೆ ನಳದ ಹತ್ತಿರ ಅನ್ನವ್ವ ನನ್ನನ್ನು ಕಂಡವರೇ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಟುಹೋದರು. ತಿರ್ಲಾಪುರದ ಆಚೆಗಿರುವ ನಮ್ಮೂರಿಗೆ ನೀರು ಬರುವುದೇ ಅಪರೂಪ. ಇಲ್ಲಿ ಯಾರೂ ಅರ್ಧ ಕೊಡ ಒಯ್ಯುವುದಿಲ್ಲ. ಹೋದ ವಾರ ನೀವು ನಮ್ಮ ಸಂಜೆಯ ತರಗತಿಗೆ ಬಂದು ಅವರನ್ನು ನಗೆಪಾಟಲು ಮಾಡಿ ಹೋದಿರಿ. ಅಂದಿನಿಂದ ಅವರು ನನ್ನ ಮುಖ ನೋಡುತ್ತಿಲ್ಲ.

ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಸಿಬ್ಬಂದಿ ತೆಗೆದ ವಿಡಿಯೋಕ್ಕೆ ನೆನಪಿದೆ. ಅದು ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇದೆ. ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದಾರೆ. ಹಿಂದಿನಿಂದ ನಿಮ್ಮ ದನಿ: "ಏ ಅವ್ವಾ, ಪುಸ್ತಕ ಉಲ್ಟಾ ಹಿಡದೀಯಲ್ಲ. ಫೋಟೋಕ್ಕರ ಸೀದಾ ಹಿಡಿ."

ಅನ್ನವ್ವ ಸಾವಕಾಶ ಉತ್ತರ ಕೊಟ್ಟರು: "ನನಗ ಹಿಂಗ ಓದಾಕ ಬರತೈತ್ರಿ ಸಾಹೇಬ್ರ."

ಎಲ್ಲರೂ ನಕ್ಕರು. ನೀವೇ ಪುಸ್ತಕ ಕಸಿದು, ತಿರುಗಿಸಿ ಕೊಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಿರಿ. ಅವರಿಗೆ ಓದಲು ಬರಲಿಲ್ಲ. ಬಾಯಿಪಾಠ ಮಾಡಿಸಿ ಕೂಡಿಸಿದ್ದಾರೆ, ಇದೆಲ್ಲ ಬೋಗಸ್ ಎಂದು ಘೋಷಿಸಿ, ತರಗತಿ ನಿಲ್ಲಿಸಲು ಹೇಳಿ ಜೀಪು ಹತ್ತಿದಿರಿ. ನಾನು ಏನೋ ಹೇಳಲು ಬಂದೆ. ನನ್ನ ದನಿ ಸಣ್ಣದು, ನಿಮ್ಮ ಜೀಪಿನ ಸದ್ದು ದೊಡ್ಡದು. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಮಾನ್ಯರೇ, ಅನ್ನವ್ವ ಓದುತ್ತಿದ್ದರು. ನಿಜವಾಗಿಯೂ ಓದುತ್ತಿದ್ದರು.

ನಿಮ್ಮ ಕಚೇರಿ ನಮ್ಮ ತರಗತಿಗೆ ಕೊಟ್ಟದ್ದು ಎರಡು ಬ್ಯಾನರು, ಒಂದು ಪುಸ್ತಕ. ಬ್ಯಾನರಿನಲ್ಲಿ ನಿಮ್ಮ ಭಾವಚಿತ್ರ ನೆಟ್ಟಗೇ ಇತ್ತು, ಆ ಬಗ್ಗೆ ದೂರಿಲ್ಲ. ಕೊಡುತ್ತೇವೆಂದ ಕಪ್ಪು ಹಲಗೆ ಬರಲೇ ಇಲ್ಲ. ಹಾಗಾಗಿ ಗುಡಿಯ ಪಡಸಾಲೆಯಲ್ಲಿ ಒಂದು ಜಮಖಾನ ಹಾಸಿ, ಮುಂದಿನ ಕಲ್ಲುಹಾಸಿನ ಮೇಲೆ ಪುಸ್ತಕ ಇಟ್ಟು, ಅದರ ಬಾಜೂಕ ಸೀಮೆಸುಣ್ಣದಿಂದ ಅಕ್ಷರ ಬರೆದು ಕಲಿಸಿದೆ. ಜಮಖಾನದ ಮೇಲೆ ಭರಮಪ್ಪ ಕಾಕಾ ಕೂರುತ್ತಿದ್ದರು. ಅವರು ಅನ್ನವ್ವನ ಗಂಡನ ಅಣ್ಣ. ಭಾವ ಕೂತ ಹಾಸಿನ ಮೇಲೆ ತಮ್ಮನ ಹೆಂಡತಿ ಕೂರುವುದು ನಮ್ಮ ಕಡೆ ಪದ್ಧತಿಯಲ್ಲ. ಅನ್ನವ್ವ ಪುಸ್ತಕದ ಆಚೆ ಬದಿಗೆ, ನಮ್ಮೆಲ್ಲರ ಎದುರಿಗೆ, ಬರಿ ನೆಲದ ಮೇಲೆ, ಭಾವನಿಗೆ ಮುಖ ಓರೆ ಮಾಡಿ ಕೂತರು. ಎಷ್ಟು ಕರೆದರೂ ಈಚೆ ಬರಲಿಲ್ಲ. ಅಲ್ಲಿಂದ ಅಕ್ಷರಗಳು ಹೇಗೆ ಕಾಣುತ್ತವೋ ಹಾಗೆಯೇ ಕಲಿತರು.

ಇದು ನನಗೆ ಗೊತ್ತಾದದ್ದು ನವಲಗುಂದದಲ್ಲಿ ಪುಸ್ತಕದ ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದ ದಿನ. ಅನ್ನವ್ವ ತಮ್ಮ ಹಾಳೆಯನ್ನು ತಲೆಕೆಳಗಾಗಿ ತಿರುವಿ ಹಿಡಿದು ಸರಸರ ಓದಿದರು. ನಂಬಿಕೆ ಬಾರದೆ ಅಂದಿನ ಪೇಪರ್ ಕೊಟ್ಟೆ. ಅದನ್ನೂ ತಿರುವಿ, ಕಡಲೆಬೆಳೆಯ ಸುದ್ದಿಯೊಂದನ್ನು ತಡವರಿಸುತ್ತ ಪೂರ್ತಿ ಓದಿದರು. ನಾವು ತಲೆ ಚಚ್ಚಿಕೊಂಡರೂ ಆಗದ ಕೆಲಸ ಅದು. ನೀವು ಒಮ್ಮೆ ಪ್ರಯತ್ನಿಸಿ ನೋಡಬಹುದು, ನಿಮ್ಮದೇ ಸುತ್ತೋಲೆಯನ್ನು ತಿರುವಿ ಹಿಡಿದು.

ಆದರೆ ಬಸ್ಸಿನ ಬೋರ್ಡನ್ನು ಯಾರೂ ತಿರುವಿ ಬರೆಯುವುದಿಲ್ಲ. ಅನ್ನವ್ವ ಅಕ್ಷರ ಕಲಿಯಲು ಬಂದದ್ದೇ ಆ ಬೋರ್ಡಿಗಾಗಿ. ಅವರ ಮಗಳು ಸುನೀತಾ ಇರುವುದು ಅಳ್ನಾವರದಲ್ಲಿ. ಧಾರವಾಡದಲ್ಲಿ ಬಸ್ಸು ಬದಲಿಸಬೇಕು. ಒಮ್ಮೆ ಯಾರನ್ನೋ ಕೇಳಿ ಬೇರೆ ಬಸ್ಸು ಹತ್ತಿ, ಕತ್ತಲಾಗುವವರೆಗೆ ಕಲಘಟಗಿಯ ನಿಲ್ದಾಣದಲ್ಲಿ ಅಳುತ್ತ ಕೂತಿದ್ದರು. ಆಮೇಲೆ ಮಗಳ ಮನೆಗೆ ಒಬ್ಬರೇ ಹೋಗಿಲ್ಲ. ಬರುವ ತಿಂಗಳು ಸುನೀತಾಳ ಮಗುವಿನ ತೊಟ್ಟಿಲ ಕಾರ್ಯ. ಅಷ್ಟರೊಳಗೆ ಅಕ್ಷರಗಳನ್ನು ನೆಟ್ಟಗೆ ಮಾಡೋಣವೆಂದು ಇಬ್ಬರೂ ಶುರು ಮಾಡಿದ್ದೆವು. ಆ ವಾರವೇ ನೀವು ಬಂದಿರಿ. ಎಂಥ ಸಮಯಪ್ರಜ್ಞೆ!

ನಾನು ಕೇಳುವುದಿಷ್ಟೆ. ಓದಲು ಬರುವವರನ್ನು ಓದಲು ಬರುವುದಿಲ್ಲವೆಂದು ಊರ ಮುಂದೆ ಸಾರುವ ಅಧಿಕಾರವನ್ನು ನಿಮಗೆ ಯಾವ ಆದೇಶ ಕೊಟ್ಟಿದೆ? ಇಷ್ಟು ಜನರಿಗೆ ಒಂದೇ ಪುಸ್ತಕ ಯಾಕೆ ಎಂದು ಕೇಳಲು ನಿಮಗೆ ಅರ್ಧ ನಿಮಿಷವೂ ಇರಲಿಲ್ಲವೇ? ವಿಡಿಯೋ ತೆಗೆಸಲು ಇತ್ತಲ್ಲ?

ನೀವು ಹೋದ ಮರುದಿನ ಭರಮಪ್ಪ ಕಾಕಾ ನಮ್ಮ ಮನೆಗೆ ಬಂದಿದ್ದರು. ಚಹಾ ಮುಟ್ಟಲಿಲ್ಲ. "ನಾನಽ ಆ ಜಮಖಾನ ಬಿಟ್ಟು ಬ್ಯಾರೆ ಕಡೆ ಕುಂತಿದ್ರ ಆಕಿ ಈ ಬಾಜು ಬರತಿದ್ಲವ್ವಾ. ನನಗ ಹೊಳೀಲಿಲ್ಲ ನೋಡು," ಎಂದರು. ಎಪ್ಪತ್ತು ದಾಟಿದ, ಈಗಷ್ಟೇ ಸಹಿ ಹಾಕಲು ಕಲಿತ ಹಿರಿಯರು ತಮ್ಮ ಪಾಲಿನ ತಪ್ಪು ಹುಡುಕಿಕೊಂಡರು. ನಿಮ್ಮ ಪಾಲಿನದು ಯಾವಾಗ ಸಿಗುತ್ತದೆ?

ಆ ವಿಡಿಯೋವನ್ನು ನೀವು ಹಿಂತೆಗೆಸಬೇಕು. ಕಲಿಯುವ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ ಕಳಿಸಬೇಕು. ಅನ್ನವ್ವನ ಮನೆಗೆ ಬಂದು, ಫೋಟೋದವರಿಲ್ಲದೆ, ತಪ್ಪಾಯಿತೆಂದು ಹೇಳಬೇಕು.

ನೀವು ಬರುವವರೆಗೆ ನಾನು ಕಾಯುವುದಿಲ್ಲ. ನಾಳೆ ಸಂಜೆಯಿಂದ ಅವರ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತೇನೆ. ಬಾಗಿಲು ತೆರೆಯದಿದ್ದರೆ ಮರುದಿನ ಮತ್ತೆ ಹೋಗುತ್ತೇನೆ. ಮಾತಾಡಲು ನನಗೆ ಬರುವುದಿಲ್ಲ, ಕೂರಲು ಬರುತ್ತದೆ. ಅವರು ಹೊರಗೆ ಬಂದ ದಿನ ಎದುರಿಗಲ್ಲ, ಅವರ ಬಾಜೂಕೇ ಕೂತು, ಪುಸ್ತಕವನ್ನು ಅವರಿಗೆ ಬರುವ ಹಾಗೆಯೇ ಇಟ್ಟು ಮೊದಲು ನಾನು ಓದಲು ಕಲಿಯುತ್ತೇನೆ. ಆಮೇಲೆ ದಿನಕ್ಕಿಷ್ಟು, ಗಡಿಯಾರದ ಮುಳ್ಳು ಸರಿದ ಹಾಗೆ, ಇಬ್ಬರೂ ಸೇರಿ ಪುಸ್ತಕವನ್ನು ತಿರುಗಿಸುತ್ತೇವೆ.

ಇಂತಿ,
ಸಂಬಳವೇ ಇಲ್ಲದ್ದರಿಂದ ಕೆಲಸದಿಂದ ತೆಗೆಯಲೂ ಬಾರದ
ನಿಮ್ಮ ಸ್ವಯಂಸೇವಕಿ