ಬೆಚ್ಚಗಿದ್ದ ಎರಡನೇ ಒಲೆ

ಬೆಟಗೇರಿ, 30 ಫೆಬ್ರವರಿ 2174

ಹದಿಮೂರು ವರ್ಷದ ನೀಲಾಂಬಿಕೆ ಕುರಡಗಿಯ ಅರ್ಜಿಯನ್ನು ಮನೆತನ ಮಂಡಳಿ ನಿನ್ನೆ ತಿರಸ್ಕರಿಸಿತು. ಹೆತ್ತ ತಾಯಿಯ ಮಗಳೆಂದು ತನ್ನನ್ನು ಮತ್ತೆ ದಾಖಲಿಸಬೇಕು ಎಂಬುದಷ್ಟೇ ಅವಳ ಬೇಡಿಕೆಯಾಗಿತ್ತು. ವರದಿ ಮಾಡಿದವನು ನಾನು, ಮಂಡಳಿಯ ಸುದ್ದಿ ನೋಡಿಕೊಳ್ಳುವ ಈರಣ್ಣ ಹೊಂಬಳ. ಪತ್ರಿಕೆಯಲ್ಲಿ ಏಳು ಸಾಲು ಅಚ್ಚಾಯಿತು. ಉಳಿದದ್ದನ್ನು ನೂರೈವತ್ತು ವರ್ಷ ಹಿಂದಿನ ಓದುಗರಾದ ನಿಮಗೆ ಬರೆಯುತ್ತಿದ್ದೇನೆ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟುಕೊಂಡಿದ್ದೇವೆ. ಕೆಲವು ಪದಗಳೂ ನಿಮಗೆ ಹೊಸವು, ಕ್ಷಮಿಸಿ.

ನಮ್ಮಲ್ಲಿ ನೀರು ಸಿಗುವುದು ಒಲೆಯ ಲೆಕ್ಕದಲ್ಲಿ, ಒಂದು ಒಲೆಗೆ ದಿನಕ್ಕೊಂದು ಸರದಿ. ಹತ್ತು ದಾಟಿದ ಮಗು ‘ಒಲೆಪತ್ರ’ಕ್ಕೆ ಸಹಿ ಹಾಕಿದರೆ ಅದು ಬೇರೆ ಮನೆತನವಾಗುತ್ತದೆ, ಮನೆಗೆ ಎರಡನೇ ಸರದಿ ಬರುತ್ತದೆ. ಈ ಸಹಿಯ ಅರ್ಹತೆಗೆ ‘ಬಿಡಿಪ್ರಾಯ’ ಎನ್ನುತ್ತಾರೆ. ಆ ಒಂದು ಕರಾರಿನ ಮಟ್ಟಿಗೆ ಮಗು ವಯಸ್ಕ, ಮಿಕ್ಕೆಲ್ಲಕ್ಕೂ ಅಪ್ರಾಪ್ತ. ನಮ್ಮ ಓಣಿಯ ನಲವತ್ತು ಮನೆಗಳಲ್ಲಿ ಮೂವತ್ತೆಂಟು ಮನೆಯವರು ಹೀಗೆ ಮಾಡಿದ್ದಾರೆ. ಮಗುವಿನ ಒಲೆ ಅದೇ ಅಡುಗೆಮನೆಯ ಮೂಲೆಯಲ್ಲಿರುತ್ತದೆ. ಬೆಳಿಗ್ಗೆ ತಪಾಸಣೆಯವರು ಬರುವ ಮುಂಚೆ ತಾಯಿ ಅದನ್ನು ಹೊತ್ತಿಸಿ, ಒಂದು ಲೋಟ ನೀರು ಕಾಯಿಸಿ, ಆರಿಸುತ್ತಾಳೆ. ಅವರು ಮುಟ್ಟಿ ನೋಡಿ, ಬೆಚ್ಚಗಿದ್ದರೆ ಪುಸ್ತಕದಲ್ಲಿ ಗುರುತು ಹಾಕಿ ಹೋಗುತ್ತಾರೆ. ಆಮೇಲೆ ಎಲ್ಲರೂ ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತಾರೆ.

ನೀಲಾಂಬಿಕೆ ಸಹಿ ಹಾಕಿದ್ದು ಹನ್ನೊಂದನೇ ವಯಸ್ಸಿನಲ್ಲಿ. ತಂದೆ ಆಗಲೇ ತೀರಿಹೋಗಿದ್ದ. “ಹಾಕವಾ, ಬರೇ ಕಾಗದದಾಗ ಬ್ಯಾರೆ, ಅಷ್ಟ” ಎಂದಿದ್ದಳು ತಾಯಿ ಗುರುಸಿದ್ದವ್ವ. ಬಣ್ಣದ ಶೆಡ್ಡಿನಲ್ಲಿ ದುಡಿದ ಗುರುಸಿದ್ದವ್ವನ ಶ್ವಾಸಕೋಶ ಈಗ ಕೆಟ್ಟಿದೆ. ಗುಡ್ಡದ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದೆ. ಅಲ್ಲಿಂದ ಮರಳುವವರು ಕಡಿಮೆ. ಜೊತೆಗೆ ಒಬ್ಬರು ಹೋಗಬಹುದು, ಆದರೆ ಅದೇ ಒಲೆಯವರಾಗಿರಬೇಕು.

“ನಿಮ್ಮವ್ವ ಯಾಕ ಬಂದಿಲ್ಲವಾ?” ಎಂದು ಮಂಡಳಿಯ ಅಧ್ಯಕ್ಷರು ಕೇಳಿದರು.

“ಬಂದಾಳ್ರೀ. ಹೊರಗ ನಿಂದ್ರಿಸ್ಯಾರ. ಸಂಬಂಧ ಇಲ್ಲದವರನ್ನ ಒಳಗ ಬಿಡಂಗಿಲ್ಲಂತ.”

ಗುಮಾಸ್ತರೊಬ್ಬರು ನಕ್ಕರು. ಆದೇಶ ಚಿಕ್ಕದಾಗಿತ್ತು. ಕರಾರು ರದ್ದಾಗಲು ಅಪ್ರಾಪ್ತೆಯ ಪರವಾಗಿ ಪೋಷಕರು ಅರ್ಜಿ ಹಾಕಬೇಕು. ಕರಾರು ಊರ್ಜಿತವಾಗಿರುವುದರಿಂದ ಅವಳಿಗೆ ಪೋಷಕರಿಲ್ಲ. ಬೇರೆ ಮನೆತನವೆನ್ನಲು ಸಾಕ್ಷ್ಯ, ಎರಡು ವರ್ಷ ಒಂದು ದಿನವೂ ತಣ್ಣಗಾಗದ ಒಲೆ. ಅದನ್ನು ದಿನವೂ ಹೊತ್ತಿಸಿದವಳು ಗುರುಸಿದ್ದವ್ವ. ಹೊರಗೆ ಅಳುತ್ತಿದ್ದ ಗುರುಸಿದ್ದವ್ವನಿಗೆ ನೆರೆಮನೆಯ ಚನ್ನವ್ವ, “ಎರಡು ಸರದಿ ನೀರಾಗ ಈಸಾಡಿದ್ಯಲ್ಲ ತಾಯಿ, ಈಗ್ಯಾಕ ಅಳತಿ?” ಎಂದಳು. ಚನ್ನವ್ವನ ಮನೆಯಲ್ಲಿ ಮೂರು ಒಲೆಗಳಿವೆ.

ನಿಮ್ಮ ಕಾಲದ ಪತ್ರಿಕೆಗಳ ಕಾನೂನು ಸಲಹೆಯ ಅಂಕಣಗಳನ್ನು ಓದಿದೆ. ಅಪ್ರಾಪ್ತರ ಕರಾರು ನಿಲ್ಲುವುದಿಲ್ಲ ಎಂದು ವಕೀಲರು ಮತ್ತೆ ಮತ್ತೆ ಉತ್ತರಿಸಿದ್ದಾರೆ. ಮಗಳಿಂದ ಹಕ್ಕುಬಿಡುಗಡೆ ಬರೆಸಿಕೊಳ್ಳಬಹುದೇ, ಹದಿನೆಂಟಕ್ಕೆ ಎರಡೇ ತಿಂಗಳಿದ್ದರೆ ನಡೆಯುತ್ತದೆಯೇ ಎಂದು ನೀವೂ ಮತ್ತೆ ಮತ್ತೆ ಕೇಳಿದ್ದೀರಿ. ಕೇಳಿ ಕೇಳಿ ಕಾನೂನಿನ ಆ ಕಲಮು ಸವೆಯಿತು. ಅದು ಉಳಿದಿದ್ದರೆ ನೀಲಾಂಬಿಕೆಯ ಸಹಿ ಬರೀ ಮಸಿಯಾಗಿರುತ್ತಿತ್ತು. ನಿಮ್ಮ ಕೈಯಲ್ಲಿ ಅದು ಇನ್ನೂ ಇದೆ, ಬಿಡಬೇಡಿ. ನಿಮ್ಮನ್ನು ಬೈಯಲು ನನಗೂ ಅರ್ಹತೆಯಿಲ್ಲ. ನನ್ನ ಮಗನ ಒಲೆ ಇಂದು ಬೆಳಿಗ್ಗೆ ಬೆಚ್ಚಗಿತ್ತು.

ಜೊತೆಗಾರರ ಪಟ್ಟಿ ಶನಿವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಗುಡ್ಡದ ಆಸ್ಪತ್ರೆಯ ವಾಹನ ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ನೀಲಾಂಬಿಕೆಗೆ ಪೋಷಕರನ್ನು ನೇಮಿಸುವ ವಿಷಯ ಜೂನ್ ಹನ್ನೊಂದರಂದು ಮಂಡಳಿಯ ಮುಂದೆ ಬರಲಿದೆ.