ತಣ್ಣಗಿರುವ ಎಂಜಿನ್

ಕಾಶಿ, 12-2-1992

ಮಠದ ಮ್ಯಾನೇಜರ್ ಗುರುಶಾಂತಯ್ಯನವರಿಗೆ ಡ್ರೈವರ್ ಕಾಶೀನಾಥನ ಶರಣು.

ನಮ್ಮ ಪಿಕಪ್‌ಗೆ ಹಾಕಲು ಹಳೆಯ ಎಂಜಿನ್ ನೋಡಿಕೊಂಡು ಮೂರನೇ ಸಲವೂ ಬರಿಗೈಲಿ ಬಂದೆ. ಪ್ರತಿ ಸಲ ನೀವು, ಮಠದವರು ಬರುತ್ತಾರೆಂದು ಅಂಗಡಿಗೆ ಮೊದಲೇ ಫೋನ್ ಮಾಡುತ್ತೀರಿ. ಅವರು ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ. ಕೈಯಿಟ್ಟರೆ ಸುಡುತ್ತದೆ. ನನ್ನೆದುರು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ, “ಏಕ್‌ದಮ್ ಬಢಿಯಾ ಹೈ, ಭಯ್ಯಾ!” ಎಂದು ಹೊಗಳುತ್ತಾರೆ. ಬಿಸಿಯಾದ ಮೇಲೆ ಎಂಥ ಗುಜರಿಯೂ ಸ್ಟಾರ್ಟ್ ಆಗುತ್ತದೆ, ಅಯ್ಯನವರೇ! ತಣ್ಣಗಿದ್ದಾಗ ಆಗುತ್ತದೆಯೇ ಎಂದು ನೋಡಬೇಕು. ಸೋಮವಾರ ದಯವಿಟ್ಟು ಯಾರಿಗೂ ಹೇಳದೆ ನನ್ನನ್ನು ಕಳಿಸಿ.

ಹೋದ ವಾರ ನಮ್ಮ ಪಿಕಪ್ ರೈಲು ಹಳಿಗಳ ಮೇಲೆ ಕೆಟ್ಟು ನಿಂತಾಗ, ಇಳಿದು ತಳ್ಳಿದ ಯಾತ್ರಿಕರ ಜೊತೆ ನಿಮ್ಮ ತಾಯಿಯವರೂ ಇದ್ದರು. ನಿಮಗೆ ಹೇಳುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು.

ಇಂತಿ,
ಆಣೆ ಮುರಿದ ಕಾಶೀನಾಥ