ಅಕ್ಕನ ಕೊರಳಿನ ಸ್ಟೀಲ್ ಬಿಲ್ಲೆ

ಮಿದುಳು ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಬಿಲ್ಲೆಯನ್ನು ನಮ್ಮಕ್ಕನ ಕೊರಳಿನಿಂದ ತೆಗೆಸಿಕೊಡಿ. ನಾನು ಕೇಳಬೇಕಾದ್ದು ಇಷ್ಟೇ. ಆದರೆ ಇದೇ ಒಂದು ಸಾಲಿನ ಅರ್ಜಿಯನ್ನು ನಿಮ್ಮ ಕಚೇರಿ ‘ವಿವರ ಸಾಲದು’ ಎಂದು ಎರಡು ಸಲ ಹಿಂದಿರುಗಿಸಿದೆ. ಅದಕ್ಕಾಗಿ ಈ ಸಲ ವಿವರವಾಗಿ, ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅಂಗಡಿ ನನ್ನದಾದರೂ ಯಜಮಾನಿಕೆ ಅಕ್ಕನದು. ಕಟ್ಟಿ ಮುಗಿಸಿದ ಪ್ರತಿ ಪುಸ್ತಕದ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ, ಕೂದಲೆಳೆಯಷ್ಟು ಸೊಟ್ಟಗಿದ್ದರೂ ನನ್ನ ಮುಂದೆ ಎತ್ತಿ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಅವಳನ್ನು ಖಿನ್ನತೆ ಹಿಡಿಯಿತು. ಮೊದಲು ಬೈಯುವುದು ನಿಂತಿತು, ಆಮೇಲೆ ಮಾತೇ ನಿಂತಿತು. ಗೋಡೆಗೆ ಮುಖ ಮಾಡಿ ಕೂರುವ ಅಕ್ಕನ ಬೆನ್ನು ನೋಡುತ್ತಾ ನಾನು ಊಟ ಮಾಡಿದ ದಿನಗಳಿಗೆ ಲೆಕ್ಕವಿಲ್ಲ. ಮಾತ್ರೆಗಳನ್ನು ನಾಲ್ಕು ಸಲ ಬದಲಿಸಿದರು, ಏನೂ ಗುಣ ಕಾಣಲಿಲ್ಲ. ಕೊನೆಗೆ ನಿಮ್ಮದೇ ಆಸ್ಪತ್ರೆಯ ವೈದ್ಯೆ ಅಯಸ್ಕಾಂತದ ಚಿಕಿತ್ಸೆ ಮಾಡಿ ನೋಡೋಣ ಎಂದರು. ತಲೆಗೆ ಕರೆಂಟು ಕೊಡುತ್ತಾರೆಂದು ನಾನು ಗಾಬರಿಯಾದೆ. ಹಾಗೇನಿಲ್ಲ, ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ಒಂದು ಸುರುಳಿಯನ್ನು ನೆತ್ತಿಯ ಪಕ್ಕ ಹಿಡಿದು ಹೊರಗಿನಿಂದಲೇ ಮಿದುಳನ್ನು ತಟ್ಟುತ್ತೇವೆ, ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಆರು ವಾರ ಎಂದು ಅವರು ವಿವರಿಸಿದರು. ಎಲ್ಲರಿಗೂ ಫಲಿಸುತ್ತದೆಂಬ ಭರವಸೆ ಕೊಡಲಿಲ್ಲ. ನಡುವೆ ಬಿಡಬೇಡಿ ಎಂದು ಮಾತ್ರ ಒತ್ತಿ ಹೇಳಿದರು.

ಹನ್ನೊಂದನೆಯ ದಿನ ಸಂಜೆ ಅಕ್ಕ ನನ್ನ ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡಳು.

“ಈ ಮೂಲೆ ಸೊಟ್ಟಗಿದೆ. ಯಾರು ಕತ್ತರಿಸಿದ್ದು?”

“ನಾನೇ ಅಕ್ಕ.”

“ನೋಡಿದ್ರೇ ಗೊತ್ತಾಗತ್ತೆ.”

ನನಗೆ ಅರವತ್ತೆರಡು ವರ್ಷ. ಬೈಸಿಕೊಂಡ ಸಂತೋಷಕ್ಕೆ ಅಂಟಿನ ಡಬ್ಬಿಯ ಮುಂದೆ ಕೂತು ಅತ್ತುಬಿಟ್ಟೆ.

ಅದಾದ ನಾಲ್ಕನೆಯ ದಿನಕ್ಕೆ ನಿಮ್ಮ ಸುತ್ತೋಲೆ ಬಂತು. ರೋಗಿಗಳು ಕಾಗದದ ಚೀಟಿ ಕಳೆದುಕೊಳ್ಳುತ್ತಾರೆ, ಸಾಲು ತಪ್ಪಿಸಿ ನುಗ್ಗುತ್ತಾರೆ ಎಂಬ ಕಾರಣಕ್ಕೆ ಎಲ್ಲರ ಕೊರಳಿಗೂ ಸರಪಳಿ ಸಮೇತ ಸ್ಟೀಲ್ ಬಿಲ್ಲೆ ಹಾಕಿಸಿದಿರಿ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ‘ನಗುನಗುತ್ತಾ ಗುಣವಾಗಿ’ ಎಂಬ ಹಾರೈಕೆ. ಬಾಗಿಲಲ್ಲಿ ಕಾವಲುಗಾರ ಕೊಂಡಿಗೆ ಬೀಗ ಹಾಕುತ್ತಾನೆ, ಚಿಕಿತ್ಸೆ ಆಯಿತೆಂಬ ಮುದ್ರೆ ತೋರಿಸಿದರೆ ಬಿಚ್ಚುತ್ತಾನೆ. ಮಾತ್ರೆ ಬರೆಸಿಕೊಳ್ಳಲು ಬರುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಅಯಸ್ಕಾಂತದ ಕೋಣೆಯ ಬಾಗಿಲಿಗೆ ‘ಲೋಹದ ವಸ್ತುಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಹಾಕಿಸಿದವರೂ ತಾವೇ ಅಲ್ಲವೇ? ಎರಡರ ಕೆಳಗೂ ಇರುವುದು ಒಂದೇ ಸಹಿ.

“ಕೊರಳಲ್ಲಿ ಲೋಹ ಇಟ್ಕೊಂಡು ಯಂತ್ರ ಹಾಕಕ್ಕಾಗಲ್ಲ, ಬಿಸಿಯಾಗಿ ಸುಟ್ರೆ ಯಾರು ಹೊಣೆ?” ಎಂದರು ಯಂತ್ರ ನಡೆಸುವ ಹೆಣ್ಣುಮಗಳು.

“ಮುದ್ರೆ ತನ್ನಿ, ಬಿಚ್ತೀನಿ. ಸುಮ್ನೆ ಬಿಚ್ಚಿದ್ರೆ ನನ್ನ ಕೆಲಸ ಹೋಗತ್ತೆ” ಎಂದ ಕಾವಲುಗಾರ.

ಇಬ್ಬರದೂ ತಪ್ಪಿಲ್ಲ. ಅಕ್ಕನ ಕೈ ಹಿಡಿದುಕೊಂಡು ಆ ಮೊಗಸಾಲೆಯಲ್ಲಿ ಅತ್ತಿಂದಿತ್ತ ಎಷ್ಟು ಸಲ ನಡೆದೆನೋ ನನಗೇ ಗೊತ್ತಿಲ್ಲ. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಕಾವಲುಗಾರ ವಹಿಯಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂದು ಬರೆದು ಬೀಗ ತೆಗೆಯುತ್ತಾನೆ. ಹತ್ತು ದಿನಗಳಿಂದ ಹೀಗೇ ನಡೆದಿದೆ. ಗೋಡೆಯ ಕಡೆಯಿಂದ ಈಚೆ ತಿರುಗಿ, ಕೊರಳು ಬಗ್ಗಿಸಿ ಬಿಲ್ಲೆ ಹಾಕಿಸಿಕೊಂಡ ನನ್ನಕ್ಕ ಇನ್ನು ಹೇಗೆ ಸಹಕರಿಸಬೇಕಿತ್ತು?

ತಮ್ಮನ್ನು ಖುದ್ದಾಗಿ ಕಂಡಾಗ ಚಹಾ ಕೊಡಿಸಿ ಸಮಾಧಾನವಾಗಿ ಕೇಳಿಸಿಕೊಂಡಿರಿ, ಆ ಉಪಕಾರ ಮರೆಯುವುದಿಲ್ಲ. ಬಿಲ್ಲೆ ಈಗಾಗಲೇ ಮಂಜೂರಾಗಿರುವುದರಿಂದ ಅದನ್ನು ಬದಲಿಸಲಾಗದು, ಲೋಹವಿದ್ದರೂ ನಡೆಯುವಂಥ ಯಂತ್ರ ತರಿಸಲು ಪ್ರಸ್ತಾವನೆ ಕಳಿಸುತ್ತೇನೆ ಎಂದಿರಿ. ಎಂಥ ದೂರದೃಷ್ಟಿ. ಬಿಲ್ಲೆಗೆ ಒಗ್ಗುವ ಯಂತ್ರ ಬಂದ ಮೇಲೆ, ಬಿಲ್ಲೆಗೆ ಒಗ್ಗುವ ರೋಗಿಗಳನ್ನೂ ತಾವು ತರಿಸಬಹುದು. ಬಿಲ್ಲೆ ಬಂದಾಗಿನಿಂದ ಅಯಸ್ಕಾಂತದ ಕೋಣೆಯ ಮುಂದಿನ ನೂಕುನುಗ್ಗಲು ಪೂರ್ತಿ ಕರಗಿದೆ ಎಂದು ತಮ್ಮ ಸೂಚನಾ ಫಲಕದಲ್ಲಿ ಓದಿದೆ. ಸತ್ಯವಾದ ಮಾತು. ಅಲ್ಲಿ ಈಗ ನಾವಿಬ್ಬರೇ ಕೂರುತ್ತೇವೆ.

ಚಿಕಿತ್ಸೆ ನಿಂತ ಮೊದಲ ಮೂರು ದಿನ ಅಕ್ಕ ಮನೆಯಲ್ಲಿ ಒಂದೆರಡು ಮಾತಾಡುತ್ತಿದ್ದಳು. ಆಮೇಲೆ ಹ್ಞೂಂ, ಉಹ್ಞೂಂ ಮಾತ್ರ. ನಿನ್ನೆ ನೀರು ಬೇಕಾ ಎಂದದ್ದಕ್ಕೆ ಅದೂ ಇಲ್ಲ. ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿದೆ. ನನಗೆ ಹೆದರಿಕೆಯಾಗಿದೆ.

ಪ್ರಸ್ತಾವನೆ ಕಳಿಸುವ ಶ್ರಮವನ್ನು ತಮಗೆ ಉಳಿಸಲೆಂದು ನಲವತ್ತು ಚೌಕಾಕಾರದ ರಟ್ಟಿನ ಬಿಲ್ಲೆಗಳನ್ನು ನಾನೇ ಮಾಡಿ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಗಟ್ಟಿ ಬಟ್ಟೆ ಹೊದಿಸಿದ್ದೇನೆ, ನೂಲಿನ ದಾರ ಪೋಣಿಸಿದ್ದೇನೆ, ತಮ್ಮ ಹಾರೈಕೆಯನ್ನೂ ಬಿಟ್ಟಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕನ ಸಂಖ್ಯೆಯಾದ ಹದಿನೇಳನೆಯದನ್ನು ಅವಳ ಕೊರಳಿಗೆ ಹಾಕಿ ಒಳಗೆ ಬಿಡಬೇಕು. ಇದು ನನ್ನ ಬೇಡಿಕೆ, ಇದರಲ್ಲಿ ಚೌಕಾಸಿಯಿಲ್ಲ.

ಆ ಹದಿನೇಳನೆಯದರ ಒಂದು ಮೂಲೆ ಸೊಟ್ಟಗಿದೆ. ಬೇಕೆಂದೇ ಹಾಗೆ ಕತ್ತರಿಸಿ ಎರಡು ದಿನ ಅಕ್ಕನ ಮುಂದೆ ಇಟ್ಟಿದ್ದೆ. ನೋಡಿದಳು, ಏನೂ ಅನ್ನಲಿಲ್ಲ. ದಯವಿಟ್ಟು ತಮ್ಮ ಕಚೇರಿಯಲ್ಲಿ ಯಾರೂ ಅದನ್ನು ಸರಿಮಾಡಬೇಡಿ. ಆ ತಪ್ಪನ್ನು ಅವಳೇ ಹಿಡಿಯಬೇಕು.

ಇಂತಿ,
ಬೈಸಿಕೊಳ್ಳಲು ಕಾದು ಕೂತಿರುವ,
ಸಹಕರಿಸದ ರೋಗಿಯ ತಮ್ಮ